ಬಾಳೆಲೆಯ ಫೋಟೋ ಮೇಲೆ ಬೀಗರೂಟ

ಕಲ್ಯಾಣ ಮಂಟಪದ ಕಾಂಪೌಂಡಿಗೆ ಅಂಟಿಕೊಂಡೇ ಬಾಳೆ ತೋಟ. ಒಳಗೆ ಪಂಕ್ತಿಯಲ್ಲಿ ಹಾಕಿರುವುದು ಬಾಳೆಲೆಯ ಚಿತ್ರ ಅಚ್ಚಾದ ಪೇಪರ್. ಚಿಕ್ಕಮಗಳೂರು ಸೀಮೆಯ ಮದುವೆ ಊಟ ಇಷ್ಟು ಎತ್ತರಕ್ಕೆ ಏರಿದೆ. ಮುಳ್ಳಯ್ಯನಗಿರಿ ಪಾಪ 1,930 ಮೀಟರಿಗೇ ನಿಂತುಬಿಟ್ಟಿತು.

ಅಚ್ಚು ಹಾಕಿದವನ ಶ್ರದ್ಧೆ ಮೆಚ್ಚಬೇಕು. ನಡುವಿನ ದಂಟು ಇದೆ, ದಂಟಿನಿಂದ ಎರಡೂ ಕಡೆ ಹೊರಟ ಸಣ್ಣ ಗೆರೆಗಳಿವೆ, ಅಂಚಿನಲ್ಲಿ ಕೊಂಚ ತಿಳಿಹಸಿರೂ ಇದೆ. ಕುಡಿ ಒಂದು ಇಲ್ಲ. ಎರಡು ತುದಿಯೂ ಒಂದೇ ಥರ ಗುಂಡಗಿರುವುದರಿಂದ, "ಕುಡಿ ಎಡಕ್ಕೆ ಬರ್ಬೇಕು ಕಣಯ್ಯ" ಎಂದು ಬಡಿಸುವವರನ್ನು ಗದರುತ್ತಿದ್ದ ಹಿರಿಯರಿಗೆ ಈಗ ಕೆಲಸವಿಲ್ಲ. ಕೂತವರು ಮಾತ್ರ ಹಳೇ ಅಭ್ಯಾಸ ಬಿಟ್ಟಿಲ್ಲ. ಪುಟ್ಟ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ತಿರುಚಿ, ಫೋಟೋದ ಮೇಲೆ ನೀರು ಚಿಮುಕಿಸಿ, ಅಂಗೈಯಿಂದ ಒರೆಸಿ ಶುದ್ಧ ಮಾಡಿಕೊಳ್ಳುತ್ತಾರೆ. ನೀರು ಹನಿಹನಿಯಾಗಿ ಉರುಳುತ್ತದೆ. ಉರುಳದೆ ಏನು ಮಾಡೀತು, ಮೇಲಿರುವುದು ಪಾಲಿಥಿನ್ ಪೊರೆ. ಅದಿಲ್ಲದಿದ್ದರೆ ಸಾರು ಬಿದ್ದ ಸ್ವಲ್ಪ ಹೊತ್ತಿಗೇ ಎಲೆ ಮುದ್ದೆಯಾಗಿ ಮೇಜಿಗೆ ಅಂಟುತ್ತಿತ್ತು.

ಅಡುಗೆ ಕಂಟ್ರಾಕ್ಟರನ್ನು ಬೈಯುವುದು ಸುಲಭ. ನಿಜವಾದ ಎಲೆಯ ಕಟ್ಟಿನಲ್ಲಿ ಹರಿದದ್ದೂ ಬರುತ್ತದೆ, ಒರೆಸಬೇಕು, ಬಿಸಿಲಿಗೆ ಬಾಡುತ್ತದೆ, ಮುಹೂರ್ತದ ದಿನ ರೇಟು ಏರುತ್ತದೆ, ಎಂಜಲೆಲೆ ಎತ್ತಲು ಆಳು ಸಿಗುವುದಿಲ್ಲ. ಪೇಪರ್ ಎಲೆಯಾದರೆ ಕೆಳಗೆ ಹಾಸಿದ ರೋಲ್ ಸಮೇತ ಈ ತುದಿಯಿಂದ ಆ ತುದಿಗೆ ಚಾಪೆಯಂತೆ ಸುತ್ತಿ, ಅನ್ನ, ಬಾಟಲಿ, ಟಿಶ್ಯೂ ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಬಹುದು.

ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನು, ತಟ್ಟೆ ಲೋಟ ಚಮಚಗಳ ಜೊತೆ, ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿತ್ತು. ತಟ್ಟೆ ಲೋಟ ಚಮಚಗಳ ಮೇಲೆ ಕೇಂದ್ರದ ನಿಷೇಧ 2022ರ ಜುಲೈ 1ಕ್ಕೆ ಬಂತು. ಅದೇ ವರ್ಷದ ಕೊನೆಗೆ, ಕ್ಯಾರಿಬ್ಯಾಗು 120 ಮೈಕ್ರಾನ್‌ಗಿಂತ ತೆಳುವಿರಬಾರದು ಎಂಬ ನಿಯಮವೂ ಜಾರಿಯಾಯಿತು. ಪೇಪರ್ ಕಪ್ಪಿನೊಳಗಿನ ಪೊರೆ ಸಾಮಾನ್ಯವಾಗಿ ಅದರ ಐದನೇ ಒಂದು ಪಾಲೂ ದಪ್ಪವಿರುವುದಿಲ್ಲ. ಆದರೆ ಅದು ಪೇಪರ್ ಅಂಗಿ ತೊಟ್ಟಿದೆ, ಹಾಗಾಗಿ ಸಭ್ಯಸ್ಥ. ಸೊಪ್ಪು ಮಾರುವ ಅಜ್ಜಿಯ ಕವರ್ ಕಿತ್ತುಕೊಂಡು ದಣಿದ ಅಧಿಕಾರಿಗಳು ಆ ಪೇಪರ್ ಕಪ್ಪಿನಲ್ಲೇ ಕಾಫಿ ಕುಡಿಯಬಹುದು. ಪಕ್ಕದ ತಮಿಳುನಾಡು 2019ರಿಂದಲೇ ಇಂಥ ಕಪ್ಪನ್ನೂ ನಿಷೇಧಿಸಿದೆ, 2023ರಲ್ಲಿ ಸುಪ್ರೀಂ ಕೋರ್ಟೂ ಸರಿ ಎಂದಿದೆ. ನಮಗೆ ಕಾವೇರಿ ವಿಷಯ ಬಿಟ್ಟರೆ ಆ ಕಡೆ ನೋಡಿ ಅಭ್ಯಾಸವಿಲ್ಲ.

ಕಾಫಿ ಎಂದಾಗ ನೆನಪಾಯಿತು. ಬಾಬಾ ಬುಡನ್ ಏಳು ಬೀಜ ತಂದು ಬಿತ್ತಿದರೆನ್ನುವ ಗಿರಿಯ ತಪ್ಪಲಲ್ಲೇ ಕಾಫಿಗೆ ಒಂದು ಗಾಜಿನ ಲೋಟದ ಗತಿಯಿಲ್ಲ. ಬೈಟು ಎಂದರೆ ಇಬ್ಬರಿಗೆ ಒಂದು ಕಾಫಿ. ಈಗ ಒಬ್ಬರಿಗೇ ಎರಡು ಕಪ್ಪು, ಬೆರಳು ಸುಡದಿರಲಿ ಅಂತ ಒಂದರೊಳಗೊಂದು. ಕುಡಿಯುವುದು ನಾಲ್ಕು ಗುಟುಕು. 2020ರಲ್ಲಿ ಖರಗ್‌ಪುರದ ಐಐಟಿಯವರು 100 ಮಿ.ಲೀ. ಬಿಸಿನೀರನ್ನು ಪೇಪರ್ ಕಪ್ಪಿನಲ್ಲಿ 15 ನಿಮಿಷ ಬಿಟ್ಟು ನೋಡಿದಾಗ ಸುಮಾರು 25,000 ಪ್ಲಾಸ್ಟಿಕ್ ಕಣಗಳು ಸಿಕ್ಕವು. ಚಿಕೋರಿ ಶೇಕಡಾ ಎಷ್ಟು ಬೆರೆತಿದೆ ಎಂದು ಕಾಫಿ ಪುಡಿಯ ಪ್ಯಾಕೆಟ್ಟಿನ ಮೇಲೆ ಬರೆಯಲೇಬೇಕು. ಈ ಬೆರಕೆಗೆ ಆ ಕಾಟವಿಲ್ಲ.

ನಂಬದವರು ಕುಡಿದ ಕಪ್ಪನ್ನು ಹರಿದು ಒಂದು ರಾತ್ರಿ ನೀರಲ್ಲಿ ನೆನೆಹಾಕಲಿ. ಬೆಳಿಗ್ಗೆ ಹೊರಮೈಯನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ಹೋದರೆ ಕಾಗದ ಹಿಟ್ಟಿನಂತೆ ಉದುರಿ, ಕೈಯಲ್ಲಿ ಹಾವಿನ ಪೊರೆಯಂಥದ್ದು ಉಳಿಯುತ್ತದೆ. ಇವೆರಡನ್ನು ಬಿಡಿಸುವ ಯಂತ್ರ ಊರಿನ ಗುಜರಿಯವರ ಬಳಿ ಇಲ್ಲ. ರದ್ದಿ ಎಂದೂ ಕೊಳ್ಳರು, ಪ್ಲಾಸ್ಟಿಕ್ ಎಂದೂ ಕೊಳ್ಳರು. ಹಸಿ ಕಸವೋ ಒಣ ಕಸವೋ ತೀರ್ಮಾನವಾಗದೆ ಅರ್ಧ ಬಚ್ಚಲ ಒಲೆಗೆ ಹೋಗುತ್ತದೆ, ಅರ್ಧ ಘಾಟಿಯ ತಿರುವಿಗೆ. ಹಾಸನಾಂಬೆಯ ಗುಡಿಯ ಬಾಗಿಲು ವರ್ಷದ ನಂತರ ತೆರೆದಾಗ ದೀಪ ಆರಿರುವುದಿಲ್ಲ, ಹೂ ಬಾಡಿರುವುದಿಲ್ಲ ಎನ್ನುತ್ತಾರೆ. ಹೊರಗೆ ಸರದಿ ಸಾಲಿನಲ್ಲಿ ಬಿಸಾಡಿದ ಕಪ್ಪಿನ ಪೊರೆಯೂ ಮುಂದಿನ ವರ್ಷಕ್ಕೆ ಬಾಡಿರುವುದಿಲ್ಲ. ಇದನ್ನು ನಂಬಲು ಭಕ್ತಿಯೂ ಬೇಕಿಲ್ಲ.

ನಕ್ಕಿದ್ದು ಸಾಕು. ಬೀಗರೂಟದ ಮರುದಿನ ಆ ಚೀಲ ಬಿಚ್ಚಿ ಮೂಳೆ, ಅನ್ನ, ಎಲೆ ಬೇರೆ ಮಾಡುವುದು ಪೌರಕಾರ್ಮಿಕರ ಬರಿಗೈ. ಯಾರಿಗೂ ನಾಚಿಕೆಯಿಲ್ಲ. ಅವರಿಗಿಂತ ಮೊದಲೇ ದನ ಬಾಯಿ ಹಾಕಿರುತ್ತದೆ. ತೋಟದ ಎಲೆ ಯಾವುದು, ಫೋಟೋದ ಎಲೆ ಯಾವುದು ಎಂದು ಅದಕ್ಕೇನು ಗೊತ್ತು, ಸಾರಿನ ವಾಸನೆ ಎರಡಕ್ಕೂ ಒಂದೇ. ಪೊರೆ ಮೊದಲ ಹೊಟ್ಟೆಯಿಂದ ಮುಂದೆ ಹೋಗದೆ, ಹಿಂದಿನ ಮದುವೆಗಳ ಪೊರೆಯ ಜೊತೆ ಹಗ್ಗದಂತೆ ಹೊಸೆದುಕೊಳ್ಳುತ್ತದೆ. ದನ ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ. ಪಶುವೈದ್ಯರು ಎಡ ಪಕ್ಕೆ ಕುಯ್ದು, ತೋಳಿನವರೆಗೆ ಕೈ ಹಾಕಿ ಎಳೆಯಬೇಕು. ಬಾಳೆಲೆಯ ಚಿತ್ರ ಅಷ್ಟರಲ್ಲಿ ಕಾಗದದ ಜೊತೆ ಜೀರ್ಣವಾಗಿರುತ್ತದೆ.