ಬಾರ್ಬೆಟ್ ವಿಗ್ ಜಾರಿ ಬಿದ್ದಿದ್ದಲ್ಲ, ಬೇಕಂತಲೇ ತೆಗೀತಿದ್ದಿದ್ದು

ವಾಟ್ಸಾಪಲ್ಲಿ ಒಂದು ಹಳೇ ಫೋಟೋ ಓಡಾಡ್ತಿದೆ, "ಹೆಣ್ಣು ಅಂತ ನಂಬಿಸಿ ಸರ್ಕಸ್ ಮಾಡ್ತಿದ್ದ ಬಾರ್ಬೆಟ್ ಒಂದಿನ ವಿಗ್ ಬಿದ್ದು ಸಿಕ್ಕಿಬಿದ್ದ" ಅಂತ. ಸುಳ್ಳು ರೀ. ಟೆಕ್ಸಾಸ್‌ನ ವ್ಯಾಂಡರ್ ಕ್ಲೈಡ್ ಅನ್ನೋರೇ ಈ ಬಾರ್ಬೆಟ್, 1920ರ ದಶಕದಲ್ಲಿ ಪ್ಯಾರಿಸ್ಸನ್ನ ಮರುಳು ಮಾಡಿದೋರು, ಗರಿ ಗೌನ್ ಎಲ್ಲಾ ಹಾಕ್ಕೊಂಡು ತಂತಿ, ಟ್ರಪೀಜ್ (ಎತ್ತರದಲ್ಲಿ ತೂಗೋ ಜೋಕಾಲಿ) ಮೇಲೆ ಆಡಿ, ಕೊನೇಲಿ ತಾವೇ ವಿಗ್ ತೆಗೆದು ಗಂಡಸಿನ ಥರ ಭುಜ ಕುಣಿಸಿ ತೋರಿಸ್ತಿದ್ರು. ಆಟದ ಮಜಾನೇ ಅದು, ಸಿಕ್ಕಿಬೀಳೋ ಮಾತೆಲ್ಲಿಂದ ಬಂತು? ಫ್ರೆಂಚ್ ಕವಿ ಝಾಂ ಕಾಕ್ತೋ 1926ರಲ್ಲಿ ಇದನ್ನ ಮೆಚ್ಚಿ ಲೇಖನಾನೇ ಬರೆದ್ರು.

ಇನ್ನು ಅಭಿಮಾನದಿಂದ "ಸರ್ಕಸ್ಸಿನ ಮೊದಲ ಟ್ರಾನ್ಸ್ ಮಹಿಳೆ" ಅಂತ ಬರಿಯೋರೂ ಇದಾರೆ. ಅದೂ ಆತುರಾನೇ. ಹುಡುಗನಾಗಿದ್ದಾಗ ಅಲ್ಫರೆಟಾ ಸಿಸ್ಟರ್ಸ್ ಅನ್ನೋ ಸರ್ಕಸ್ ಜೋಡೀಲಿ ಒಬ್ಬಳು ತೀರಿಕೊಂಡು ಜಾಗ ಖಾಲಿಯಾಗಿತ್ತು, ಹೆಣ್ಣಿನ ಡ್ರೆಸ್ಸಲ್ಲಿ ಸಾಹಸ ಇನ್ನೂ ಎದ್ದು ಕಾಣತ್ತೆ, ಹಾಕ್ಕೋತೀರಾ ಅಂತ ಉಳಿದಿದ್ದ ಸಿಸ್ಟರ್ ಕೇಳಿದ್ರು, ಬಾರ್ಬೆಟ್ ಒಪ್ಪಿದ್ರು, ಕೆಲಸ ಸಿಕ್ತು. ಆಮೇಲೆ ಒಬ್ರೇ ಆಡೋಕೆ ಶುರು ಮಾಡಿದಾಗ್ಲೂ ಆ ವೇಷ ಬಿಡ್ಲಿಲ್ಲ, ಇನ್ನೂ ಬೆಳೆಸಿದ್ರು, ನನಗೆ ಇಂಟರೆಸ್ಟಿಂಗ್ ಅನ್ಸೋದು ಅದೇ. 1930ರ ದಶಕದ ಕೊನೇಲಿ ಕಾಯಿಲೆಯಿಂದ ಆಟ ನಿಂತ ಮೇಲೆ ಸರ್ಕಸ್‌ಗಳಲ್ಲಿ ಬೇರೆಯವರಿಗೆ ಕಲಿಸ್ತಿದ್ರು. ಫಾರ್ವರ್ಡ್‌ನಲ್ಲಿ ಅದೂ ಇಲ್ಲ.