ಅರವತ್ತು ಸೆಂಟ್ ಮಳೆ ಮತ್ತು ಒಂದು ಹಸಿರು ಎಲೆ

ಮೊನ್ನೆ ಬೆಂಗಳೂರಿನಿಂದ ಪರಿಚಿತರೊಬ್ಬರು ಫೋನ್ ಮಾಡಿ, ಕಾಫಿ ಬೆಳೆಗಾರರಿಗೆಂದು ಹೊಸ ಆ್ಯಪ್ ಮಾಡುತ್ತಿದ್ದೇವೆ, ಲೋಗೋ ಮಾಡಿಕೊಡಿ ಎಂದರು. "ಎಲೆ ಇರಬೇಕಲ್ಲವೇ?" ಎಂದೆ. "ನಿಮಗೆ ಹೇಗೆ ಗೊತ್ತಾಯಿತು!" ಎಂದು ಖುಷಿಪಟ್ಟರು. ಕೃಷಿ ತಂತ್ರಜ್ಞಾನ ಎಂದ ಕೂಡಲೇ ಒಂದು ಹಸಿರು ಎಲೆ, ಅದರ ತುದಿಯಲ್ಲಿ ವೈಫೈಯ ಮೂರು ಗೆರೆ. ಇಂಥ ಎರಡು ಎಲೆಗಳನ್ನು ನಾನೇ ಬರೆದುಕೊಟ್ಟು ದುಡ್ಡು ಎಣಿಸಿಕೊಂಡಿದ್ದೇನೆ, ಹಾಗಾಗಿ ನಗುವ ಹಕ್ಕು ನನಗೆ ಪೂರ್ತಿ ಇಲ್ಲ.

ಅವರಿಗೆ ಎರಡನೆಯ ಎಲೆಯ ಕಥೆ ಹೇಳಿದೆ.

ಅದೂ ಬೆಳೆಗಾರರ ಆ್ಯಪ್. ಲೋಗೋ, ಬಣ್ಣ, ಪರದೆಗಳು ಎಲ್ಲವೂ ನನ್ನವೇ. ನಾನು ಮೂಡಿಗೆರೆ ಕಡೆಯ ಹುಡುಗ, ತೋಟ ಗೊತ್ತಿದೆ ಎಂದು ಕಂಪನಿಯವರು ನಂಬಿದ್ದರು. ಹೆಸರಿಡುವುದಕ್ಕೇ ಎರಡು ತಿಂಗಳು ಹೋಯಿತು. ಹಸಿರಿನ ಯಾವ ಛಾಯೆ ಎಂಬ ಬಗ್ಗೆ ನಡೆದ ಸಭೆಗಳ ಲೆಕ್ಕ ನಾನು ಇಟ್ಟಿಲ್ಲ. ಎಲ್ಲ ಮುಗಿದ ಮೇಲೆ, ಕಾಫಿ ಮೊಗ್ಗು ಅರಳಿಸುವ ಹೂಮಳೆಯ ಹೊತ್ತಿಗೆ, ಅಪ್ಪನ ಮೊಬೈಲಿಗೆ ಹಾಕಿಕೊಟ್ಟೆ.

ಕಾಫಿ ಸೀಮೆಯಲ್ಲಿ ಮಳೆಯ ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. (ಘಟ್ಟದ ಕೆಳಗಿನವರಿಗೆ ಸೆಂಟ್ ಎಂದರೆ ಜಮೀನಿನ ಅಳತೆ. ನ್ಯೂಯಾರ್ಕಿನಲ್ಲಿ ಅರೇಬಿಕಾ ಕಾಫಿಯ ದರವೂ ಸೆಂಟಿನಲ್ಲೇ. ಅಪ್ಪ ಮೂರನ್ನೂ ಗೊಂದಲವಿಲ್ಲದೆ ಬಳಸುತ್ತಾರೆ.) ಮಳೆ ನಿಂತ ಕೂಡಲೇ ತೋಟದಿಂದ ತೋಟಕ್ಕೆ ಫೋನ್ ಹೋಗುತ್ತದೆ: "ನಿಮ್ಮಲ್ಲಿ ಎಷ್ಟು?" "ಅರವತ್ತು." ಅಷ್ಟೇ. ಸೆಂಟ್ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಅಪ್ಪ ಆ್ಯಪಿನಲ್ಲಿಯೂ 60 ಎಂದು ಒತ್ತಿದರು. ಆ ಚೌಕದ ಪಕ್ಕದಲ್ಲಿ ಮಿಲಿಮೀಟರ್ ಎಂದು ಬರೆದಿತ್ತು. ನೋಡಲು ಚೆನ್ನಾಗಿರಲಿ ಎಂದು ಅದನ್ನು ಸಣ್ಣದಾಗಿ, ತಿಳಿ ಬೂದು ಬಣ್ಣದಲ್ಲಿ ಬರೆದವನು ನಾನು. ಬಂದದ್ದು ಸುಮಾರು 15 ಮಿಲಿಮೀಟರ್, ಆ್ಯಪ್ ತಿಳಿದುಕೊಂಡದ್ದು 60. ತಕ್ಷಣ ಹಸಿರು ಪಟ್ಟಿಯೊಂದು ಮೂಡಿ "ಸಾಕಷ್ಟು ಮಳೆಯಾಗಿದೆ, ನೀರು ಹಾಯಿಸುವ ಅಗತ್ಯವಿಲ್ಲ" ಎಂದಿತು. ರೊಬಸ್ಟಾ ಜಾತಿಯ ಕಾಫಿಯ ಮೊಗ್ಗಿಗೆ ಹೂಮಳೆ ಅರ್ಧಂಬರ್ಧ ಸಿಕ್ಕರೆ ಏನಾಗುತ್ತದೆ ಎಂಬುದನ್ನು ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಮಾತನ್ನು ನಂಬಿ ಕುಳಿತಿದ್ದರೆ ವರ್ಷದ ಫಸಲಿಗೇ ಪೆಟ್ಟು. ಅಪ್ಪ ಒಮ್ಮೆ ಪರದೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ಇದನ್ನು ಮಾಡಿದವರು ಯಾವ ಊರಿನವರೋ?" ಎಂದು ಕೇಳಿ, ಸ್ಪ್ರಿಂಕ್ಲರ್ ಪೈಪು ಎಳೆಸಲು ಹೊರಟರು.

ಮಳೆಯ ಲೆಕ್ಕ ಬರೆದಿಡುವ ಅಪ್ಪನ ಮಳೆ ಡೈರಿಗಳು ಮನೆಯ ಕಪಾಟಿನಲ್ಲೇ ಇದ್ದವು. ನಾನು ಚಿಕ್ಕಂದಿನಿಂದ ನೋಡಿದವು. ಕೆಲಸ ಶುರು ಮಾಡುವಾಗ ಅದರಲ್ಲಿ ಒಂದನ್ನಾದರೂ ತೆರೆದು ನೋಡಬೇಕೆಂದು ನನಗೇ ತೋಚಲಿಲ್ಲ. ಬೇರೆ ದೇಶಗಳ ಆ್ಯಪ್‌ಗಳ ಚಿತ್ರಗಳನ್ನು ಮಾತ್ರ ಗೋಡೆಯ ತುಂಬ ಅಂಟಿಸಿಕೊಂಡಿದ್ದೆ.

ಕನ್ನಡದ ಗತಿಯೂ ಹೀಗೆಯೇ ಆಯಿತು. ಪರದೆಗಳನ್ನೆಲ್ಲ ಇಂಗ್ಲಿಷಿನಲ್ಲಿ ಮಾಡಿ ಮುಗಿಸಿ, ಕೊನೆಯ ವಾರ ಕನ್ನಡ ತುಂಬಿದೆವು. ಇಂಗ್ಲಿಷ್ ಅಕ್ಷರಕ್ಕೆ ಅಳೆದು ಹೊಲಿದ ಬಟನ್ನಿನಲ್ಲಿ ಒತ್ತಕ್ಷರಕ್ಕೆ ಜಾಗವೆಲ್ಲಿ? ತೋಟದ ಕೆಲಸದವರ ಹಾಜರಿಯ ಪುಟದಲ್ಲಿ "ಮೇಸ್ತ್ರಿ" ಎಂಬ ಪದದ ಕೆಳಗಿನ ಎರಡು ಒತ್ತುಗಳೂ ಕತ್ತರಿಸಿಹೋಗಿ, ಮೇಸ್ತ್ರಿಗಳೆಲ್ಲ "ಮೇಸಿ"ಗಳಾದರು. ಸಾಲಿನ ಎತ್ತರ ಹೆಚ್ಚಿಸಿದರೆ ಸರಿಹೋಗುತ್ತದೆ, ನಿಜ. ಆದರೆ ಸಾಲು ಎತ್ತರವಾದರೆ ಪರದೆಯಲ್ಲಿ ಹಿಡಿಯುವ ಸಾಲುಗಳು ಕಡಿಮೆಯಾಗುತ್ತವೆ, ಆಗ ಇಡೀ ಪುಟವನ್ನೇ ಮತ್ತೆ ಕಟ್ಟಬೇಕು. ಕನ್ನಡದಲ್ಲೇ ಶುರು ಮಾಡಿದ್ದರೆ ಇಂಗ್ಲಿಷ್ ಅದರೊಳಗೆ ಆರಾಮಾಗಿ ಕೂರುತ್ತಿತ್ತು. ಅದೇ ಪುಟದಲ್ಲಿ ಅರ್ಧ ದಿನದ ಹಾಜರಿಗೂ ಜಾಗವಿರಲಿಲ್ಲ. ಆ ಮಾತು ಬೇಡ.

"ನಮ್ಮ ರೈತರಿಗೆ ತಂತ್ರಜ್ಞಾನ ಒಗ್ಗುವುದಿಲ್ಲ" ಎಂದು ಕಂಪನಿಯ ಸಭೆಯಲ್ಲಿ ಯಾರೋ ಹೇಳಿದಾಗ ನನಗೆ ಉರಿದುಹೋಯಿತು. ಲಂಡನ್ ಮಾರುಕಟ್ಟೆಯ ರೊಬಸ್ಟಾ ದರ ಟನ್ನಿಗೆ ಇಷ್ಟು ಡಾಲರ್ ಎಂದು ಮೊಬೈಲಿನಲ್ಲಿ ನೋಡಿ, ಐವತ್ತು ಕೆಜಿ ಚೀಲಕ್ಕೆ ಎಷ್ಟು ರೂಪಾಯಿ ಆದೀತು ಎಂದು ಕಾಫಿ ಆರುವಷ್ಟರಲ್ಲಿ ಬಾಯಿಲೆಕ್ಕ ಹಾಕುವವರ ಬಗ್ಗೆ ಈ ಮಾತು!

ಇನ್ನು ಆ ಲೋಗೋ. ತಿಳಿ ಹಸಿರಿನಿಂದ ಕಡು ಹಸಿರಿಗೆ ಜಾರುವ ಬಣ್ಣ. ಕಂಪ್ಯೂಟರಿನಲ್ಲಿ ಬಹಳ ಚಂದ. ಕಾಫಿ ಚೀಲದ ಮೇಲೆ ಹಾಕಬೇಕೆಂದಾಗ ಗೊತ್ತಾಯಿತು, ಗೋಣಿಯ ಮೇಲೆ ಹೀಗೆ ಜಾರುವ ಬಣ್ಣ ಕೂರುವುದಿಲ್ಲ. ನಮ್ಮಲ್ಲಿ ತಗಡಿನಲ್ಲಿ ಅಕ್ಷರ ಕೊರೆದು, ಚೀಲದ ಮೇಲಿಟ್ಟು ಮಸಿ ಬಳಿಯುತ್ತಾರೆ. ಅಜ್ಜನ ಕಾಲದ ಅಂಥದ್ದೊಂದು ತಗಡು ಈಗಲೂ ಗೋದಾಮಿನಲ್ಲಿದೆ: ಎರಡು ಅಕ್ಷರ, ಸುತ್ತ ಒಂದು ವೃತ್ತ. ನಲವತ್ತು ಹೆಜ್ಜೆ ದೂರದಿಂದಲೂ ಇದು ನಮ್ಮ ಚೀಲ ಎಂದು ಗೊತ್ತಾಗುತ್ತದೆ. ನಾನು ಓದಿ ಕಲಿತ ಬ್ರ್ಯಾಂಡಿಂಗ್ ಪಾಠಗಳನ್ನೆಲ್ಲ ಆ ತಗಡು ಕೊರೆದವನು ಓದದೆಯೇ ಬಲ್ಲವನಾಗಿದ್ದ.

ಫೋನ್ ಮಾಡಿದವರಿಗೆ ಒಂದು ಷರತ್ತು ಹಾಕಿದ್ದೇನೆ. ಲೋಗೋ ಕೊನೆಗೆ. ಮೊದಲ ತಿಂಗಳು ಡೈರಿಗಳನ್ನು ನೋಡುವುದಷ್ಟೇ ಕೆಲಸ. ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ. ಅವರು ಒಪ್ಪಲಿ ಬಿಡಲಿ, ನನಗಂತೂ ನೋಡುವ ಹಟ ಬಂದಿದೆ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಆಲೂರು ಕಡೆಯ ಸ್ನೇಹಿತರೇ, ನಿಮ್ಮ ಮನೆಯಲ್ಲಿ ಹಳೆಯ ಮಳೆ ಡೈರಿ ಇದ್ದರೆ ಒಂದು ಪುಟದ ಫೋಟೊ ಕಳುಹಿಸಿ. ಸಾಲ, ಮುಂಗಡದ ಲೆಕ್ಕವಿದ್ದರೆ ಕೈ ಅಡ್ಡ ಹಿಡಿದು ತೆಗೆಯಿರಿ. ನನಗೆ ಬೇಕಾದದ್ದು ನೀವು ಪುಟದಲ್ಲಿ ಕಾಲಂ ಗೆರೆ ಎಲ್ಲೆಲ್ಲಿ ಹಾಕಿದ್ದೀರಿ ಎಂಬುದು ಮಾತ್ರ.