ಪಂಪಿಗೊಂದು ಲೋಟ ಮಜ್ಜಿಗೆ

ಕಾರಿನ ಬಾನೆಟ್ ಎತ್ತಿದರೆ ಈಗಲೂ ಇಂಗಿನ ವಾಸನೆ. ಆದದ್ದು ಭಾನುವಾರ, ಇವತ್ತು ಬುಧವಾರ. ಎರಡು ಸಲ ಸೋಪಿನ ನೀರಿನಲ್ಲಿ ಒರೆಸಿದೆ. ಮೂರನೇ ಸಲ ಒರೆಸುತ್ತಿದ್ದಾಗ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ ಸಾರ್, ಇವತ್ತು ಸಾರೋ ಹುಳಿಯೋ?" ಎಂದರು. ನನಗೆ ನಗು ಬರಲಿಲ್ಲ. ಅವರಿಗೆ ಬಂತು. ಒಳಗೆ ಹೋಗಿ ಹೆಂಡತಿಗೂ ಹೇಳಿ, ಇಬ್ಬರೂ ಸೇರಿ ನಕ್ಕಿದ್ದು ಕೇಳಿಸಿತು.

ಕಾರು ಅಪ್ಪನದು. 1987ರ ಮಾಡೆಲ್. ಕಂಪನಿ ಹೆಸರು ಬೇಡ ಬಿಡಿ, ಪಾಪ, ಅದರ ಕಾಲಕ್ಕೆ ಅದು ಒಳ್ಳೆಯ ಗಾಡಿಯೇ. ಮಾರುವುದಕ್ಕೆ ಮನಸ್ಸಿಲ್ಲ. ಐದೈದು ವರ್ಷಕ್ಕೊಮ್ಮೆ ಆರ್‌ಟಿಓ ಕಚೇರಿಗೆ ಕರೆದುಕೊಂಡು ಹೋಗಿ ಇನ್ನೂ ಬದುಕಿದೆ ಎಂದು ತೋರಿಸಿಕೊಂಡು ಬರುತ್ತೇನೆ, ಪಿಂಚಣಿದಾರರು ಬ್ಯಾಂಕಿಗೆ ಹೋಗಿ ಬಂದ ಹಾಗೆ.

ಬೆಳಿಗ್ಗೆ ಹೊತ್ತು ಇದು ಬಂಗಾರದಂಥ ಗಾಡಿ. ಒಂದೇ ಸಲಕ್ಕೆ ಸ್ಟಾರ್ಟ್. ಆದರೆ ಏಪ್ರಿಲ್, ಮೇ ತಿಂಗಳಲ್ಲಿ, ಬಿಸಿಲೇರಿದ ಮೇಲೆ, ಮುಂದೆ ಗಾಡಿಗಳ ಸಾಲು ನಿಂತರೆ ಮುಗಿಯಿತು. ಎರಡು ಸಲ ಕೆಮ್ಮುತ್ತದೆ, ಒಂದು ಸಲ ಮೈ ಕೊಡವುತ್ತದೆ, ಆಮೇಲೆ ಮೌನ. ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಹೊರಡುತ್ತದೆ. ಹೀಗಾಗಿ ಯಾವ ಮೆಕ್ಯಾನಿಕ್ಕೂ ಅದರ ರೋಗವನ್ನು ಕಣ್ಣಾರೆ ಕಂಡಿಲ್ಲ. ಗ್ಯಾರೇಜು ಮುಟ್ಟುವ ಹೊತ್ತಿಗೆ ಇಂಜಿನ್ ತಣ್ಣಗಾಗಿ, ಗಾಡಿ ಒಳ್ಳೆಯ ಹುಡುಗನ ಹಾಗೆ ನಿಂತಿರುತ್ತದೆ. ನಾನು ಸುಳ್ಳು ಹೇಳುವವನ ಹಾಗೆ ಪಕ್ಕದಲ್ಲಿ ನಿಂತಿರುತ್ತೇನೆ. ಒಬ್ಬರು ಪ್ಲಗ್ ಬದಲಾಯಿಸಿದರು. ಇನ್ನೊಬ್ಬರು ಕಾಯಿಲ್. ಮೂರನೆಯವರು ಕಾರ್ಬೊರೇಟರ್ ಬಿಚ್ಚಿ ತೊಳೆದು, ಮತ್ತೆ ಜೋಡಿಸಿ, "ಸಾರ್, ಗುಜರಿಯವರ ನಂಬರ್ ಕೊಡ್ಲಾ?" ಎಂದರು.

ಇದೆಲ್ಲಕ್ಕಿಂತ ದೊಡ್ಡ ಸಮಸ್ಯೆ ನಮ್ಮ ದೊಡ್ಡಪ್ಪ.

ದೊಡ್ಡಪ್ಪನಿಗೆ ಎಂಬತ್ತೊಂದು. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಟಿಕೆಟ್ ಲೆಕ್ಕದ ಗುಮಾಸ್ತರಾಗಿದ್ದರು. ಸ್ಪ್ಯಾನರ್ ಮುಟ್ಟಿದವರಲ್ಲ. ಆದರೆ ಅವರ ಮೇಜಿನ ಕಿಟಕಿ ವರ್ಕ್‌ಶಾಪಿನ ಕಡೆಗಿತ್ತಂತೆ. ಆ ಕಿಟಕಿಯಿಂದ ಮೂವತ್ತು ವರ್ಷದಲ್ಲಿ ಅವರು ಕಲಿತದ್ದು ಒಂದೇ ಮಾತು: ಏರ್ ಲಾಕು.

ನಲ್ಲಿಯಲ್ಲಿ ನೀರು ಬರದಿದ್ದರೆ ಏರ್ ಲಾಕು. ಸರಿ, ಅದನ್ನು ಒಪ್ಪಬಹುದು. ಗ್ಯಾಸ್ ಒಲೆ ಹತ್ತದಿದ್ದರೆ ಏರ್ ಲಾಕು. ಕುಕ್ಕರು ಕೂಗದಿದ್ದರೆ ಏರ್ ಲಾಕು. ಹೇಮಾವತಿ ನೀರು ನಾಲೆಗೆ ಬರುವುದು ತಡವಾದರೆ ನಾಲೆಗೇ ಏರ್ ಲಾಕು. ಮೊಮ್ಮಗುವಿನ ಹೊಟ್ಟೆ ಉಬ್ಬರಿಸಿದಾಗ ಅವರು ಹೇಳಿದ್ದನ್ನೇ ಡಾಕ್ಟರೂ ಹೇಳಿದರು. ಅವತ್ತಿನಿಂದ ಅವರನ್ನು ಹಿಡಿಯುವವರಿಲ್ಲ. ನನ್ನ ಹೆಂಡತಿ ಒಮ್ಮೆ ನನ್ನ ಜೊತೆ ಎರಡು ದಿನ ಮಾತಾಡಿರಲಿಲ್ಲ. ಊಟಕ್ಕೆ ಬಂದಿದ್ದ ದೊಡ್ಡಪ್ಪ ಇಬ್ಬರ ಮುಖವನ್ನೂ ನೋಡಿ, ಅನ್ನ ಕಲೆಸುತ್ತಾ, ಮೆಲ್ಲಗೆ ಅಂದರು: "ಏರ್ ಲಾಕು. ಸ್ವಲ್ಪ ಬಿಟ್ಟರೆ ಸರಿಹೋಗುತ್ತೆ." ಎರಡು ದಿನದ್ದು ನಾಲ್ಕು ದಿನವಾಯಿತು.

ಭಾನುವಾರ ನೆಲಮಂಗಲದಲ್ಲಿ ಮದುವೆ. ಊಟ ಮುಗಿಸಿ ತುಮಕೂರಿಗೆ ವಾಪಸ್ ಹೊರಟೆವು. ನಾನು, ಹೆಂಡತಿ, ದೊಡ್ಡಪ್ಪ. ಹೊರಡುವಾಗ ದೊಡ್ಡಪ್ಪ ಅಡುಗೆಯವರಿಂದ ಎರಡು ಲೀಟರಿನ ಬಾಟಲಿ ತುಂಬ ನೀರು ಮಜ್ಜಿಗೆ ತುಂಬಿಸಿಕೊಂಡಿದ್ದರು. "ದಾರಿಗೆ ಆಗುತ್ತೆ" ಎಂದರು. ಹೇಗೆ ಆಗುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಟೋಲ್ ಬಂತು. ಮದುವೆ ಮುಗಿಸಿದವರೆಲ್ಲ ಅಲ್ಲೇ ಇದ್ದರು. ಮಧ್ಯಾಹ್ನ ಎರಡೂವರೆ, ಟಾರು ಕಾದು ಹೆಂಚಾಗಿತ್ತು. ಫಸ್ಟ್ ಗೇರು, ನ್ಯೂಟ್ರಲ್ಲು, ಫಸ್ಟ್ ಗೇರು, ನ್ಯೂಟ್ರಲ್ಲು. ನಮ್ಮ ಸರದಿ ಬಂದಾಗ ಗಾಡಿ ಕೆಮ್ಮಿತು. ನಾನು ಕೈ ಮುಗಿದೆ. ಅದು ಇನ್ನೊಂದು ಸಲ ಕೆಮ್ಮಿ, ಸ್ಕ್ಯಾನರಿನ ಕೆಳಗೆ ಸರಿಯಾಗಿ ಬಂದು, ಮೈ ಕೊಡವಿ ನಿಂತಿತು. ಟ್ಯಾಗು ಓದಿಕೊಂಡಿತು. ದುಡ್ಡು ಹೋಯಿತು. ಮೊಬೈಲು ಟಿಂಗ್ ಅಂದಿತು. ಅಡ್ಡ ಕಂಬ ಮೇಲೆದ್ದಿತು. ಎಲ್ಲ ಅದರದರ ಕೆಲಸ ಮಾಡಿದವು, ನನ್ನ ಗಾಡಿಯೊಂದನ್ನು ಬಿಟ್ಟು. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯ ಮಾಡಿದ್ದೇ ಟೋಲಿನಲ್ಲಿ ಯಾರೂ ನಿಲ್ಲಬಾರದು ಅಂತ, ಅಲ್ವಾ? ಹಿಂದಿನ ಹದಿನೈದು ಗಾಡಿಗಳವರು ಅದನ್ನು ಹಾರ್ನಿನಲ್ಲಿ ನನಗೆ ನೆನಪಿಸಿದರು.

ಇಳಿದು ತಳ್ಳಿದೆವು. ಒಂದು ಕಡೆ ನಾನು. ಇನ್ನೊಂದು ಕಡೆ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಡತಿ. ಹಿಂದೆ ಟೋಲಿನ ಹುಡುಗ ಮತ್ತು ಯಾವುದೋ ಲಾರಿಯ ಕ್ಲೀನರ್. ದೊಡ್ಡಪ್ಪ ಮುಂದಿನ ಸೀಟಿನಿಂದ ಇಳಿಯಲಿಲ್ಲ. ಕಿಟಕಿಯಿಂದ ಕೈ ಹೊರಗೆ ಹಾಕಿ, ಎಡಕ್ಕೆ ತಿರುಗುವ ಸಿಗ್ನಲ್ ಕೊಟ್ಟರು. ತಳ್ಳಿಕೊಂಡು ಹೋದ ಗಾಡಿಗೂ ಪೂರ್ತಿ ಟೋಲೇ. ಹೆಂಡತಿ ಆಗ ಏನೂ ಅನ್ನಲಿಲ್ಲ. ಮನೆಗೆ ಬಂದ ಮೇಲೂ ಅನ್ನಲಿಲ್ಲ. ಅದು ಬೇರೆ ಲಾಕು.

ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿದ್ದೇ ತಡ, ದೊಡ್ಡಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಇಳಿದರು. "ಪೆಟ್ರೋಲ್ ಪಂಪ್ ಎಲ್ಲಿದೆ ತೋರಿಸು. ಏರ್ ಲಾಕು. ಒದ್ದೆ ಬಟ್ಟೆ ಸುತ್ತಬೇಕು." ಡಿಪೋದಲ್ಲಿ ಹಳೇ ಜೀಪಿಗೆ ಹಾಗೇ ಮಾಡುತ್ತಿದ್ದರಂತೆ, ಕಿಟಕಿಯಿಂದ ಕಂಡಿತ್ತಂತೆ. ನೀರಿನ ಬಾಟಲಿ ನೋಡಿದರೆ ಖಾಲಿ. ಊಟವಾದ ಮೇಲೆ ದೊಡ್ಡಪ್ಪನೇ ಕೈ ತೊಳೆದಿದ್ದರು. ನಾನು ಅತ್ತ ಇತ್ತ ನೋಡುವಷ್ಟರಲ್ಲಿ ಅವರು ಮಜ್ಜಿಗೆ ಬಾಟಲಿಯ ಮುಚ್ಚಳ ತಿರುಗಿಸಿಯಾಗಿತ್ತು.

"ದೊಡ್ಡಪ್ಪ, ಬೇಡ."

"ನೀರೇ ಕಣೋ ಇದು. ಮಜ್ಜಿಗೆ ಎಲ್ಲಿದೆ ಇದರಲ್ಲಿ? ಮದುವೆಯವರು ಜಿಪುಣರು."

ಸುರಿದರು. ಟವೆಲ್ ನೆನೆಯಿತು. ಇಂಜಿನ್ನಿನ ಪಕ್ಕದ ಪಂಪು ತಂಪಾಯಿತು. ನಾಲ್ಕು ಹನಿ ಸೈಲೆನ್ಸರ್ ಪೈಪಿನ ಮೇಲೆ ಬಿದ್ದು ಚುಂಯ್ ಅಂದಿತು. ಅಷ್ಟೇ ನೋಡಿ. ಇಂಗು, ಶುಂಠಿ, ಕರಿಬೇವು, ಸಾಸಿವೆ, ಎಲ್ಲ ಒಟ್ಟಿಗೆ ಎದ್ದು ಹೈವೇ ತುಂಬ ಹರಡಿತು. ಟೋಲ್ ದಾಟಿ ಬಂದ ಒಂದು ಕಾರು ನಿಧಾನವಾಗಿ ಪಕ್ಕಕ್ಕೆ ಬಂತು. ಸಹಾಯಕ್ಕಿರಬೇಕು ಎಂದುಕೊಂಡೆ. ಗಾಜು ಇಳಿಸಿ ಕೇಳಿದರು: "ಇಲ್ಲಿ ಊಟ ಸಿಗುತ್ತಾ?" ಕ್ಲೀನರ್ ಹುಡುಗ ನಕ್ಕು ನಕ್ಕು ನೆಲದ ಮೇಲೇ ಕೂತ. ದೊಡ್ಡಪ್ಪ ಮಾತ್ರ ನಗಲಿಲ್ಲ. ಅಭಿಷೇಕ ಮಾಡುವ ಪೂಜಾರಿಯ ಗಾಂಭೀರ್ಯದಲ್ಲಿ ಇನ್ನೊಂದು ಸುತ್ತು ಸುರಿದು, ಉಳಿದ ಎರಡು ಗುಟುಕು ತಾವು ಕುಡಿದು, "ಈಗ ಹೊಡಿ" ಎಂದರು.

ಹೊಡೆದೆ. ಗಾಡಿ ಸ್ಟಾರ್ಟ್ ಆಯಿತು. ನನಗೆ ಹೊಟ್ಟೆ ಉರಿದದ್ದು ಆಗಲೇ.

ರಾತ್ರಿ ಅಕ್ಕನ ಮಗ ಟೆಕ್ಸಸ್‌ನಿಂದ ವಿಡಿಯೋ ಕಾಲ್ ಮಾಡಿದ. ಅವನಿಗೆ ಮನೆಯ ಗ್ಯಾರೇಜಿನಲ್ಲಿ ಕೂತು ವಿಮಾನ ಕಟ್ಟುವ ಹುಚ್ಚು. ಇಬ್ಬರು ಕೂರುವಷ್ಟು ಚಿಕ್ಕದು. ಡಬ್ಬಿಗಳಲ್ಲಿ ಬಿಡಿಭಾಗ ತರಿಸಿ, ನಾಲ್ಕು ವರ್ಷ ರಿವೆಟ್ ಹೊಡೆದು, ಈಗ ಹಾರಿಸುತ್ತಿದ್ದಾನೆ. ಅಲ್ಲಿ ಅದಕ್ಕೆ ಕಾನೂನೇ ಇದೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಕೈಯಾರೆ ಮಾಡಿರಬೇಕು, ಅದೂ ಕಲಿಕೆಗೆ ಅಥವಾ ಮನರಂಜನೆಗೆ ಮಾತ್ರ. ಹತ್ತುವ ಜಾಗದಲ್ಲಿ 'ಎಕ್ಸ್‌ಪೆರಿಮೆಂಟಲ್' ಎಂದು ಬರೆಯಬೇಕು. ಅಕ್ಷರ 2 ಇಂಚಿಗಿಂತ ಚಿಕ್ಕದಿರಬಾರದು, 6 ಇಂಚಿಗಿಂತ ದೊಡ್ಡದಿರಬಾರದು. ಕೇಳಿದ ಕೂಡಲೇ ನನ್ನ ಕಾರಿನ ಬಾಗಿಲು ನೆನಪಾಯಿತು. ಅದೂ ಕಲಿಕೆಗೆ ಮತ್ತು ಮನರಂಜನೆಗೇ ಇರುವುದು, ಕಲಿಕೆ ನನಗೆ, ಮನರಂಜನೆ ಕ್ಲೀನರ್ ಹುಡುಗನಿಗೆ.

ಟೋಲಿನ ಕಥೆ ಹೇಳಿದೆ. ಅವನು ನಗುತ್ತಾನೆ ಎಂದುಕೊಂಡಿದ್ದೆ. ಅವನು ಎದ್ದು ಕೂತ.

"ಮಾವ, ನನ್ನ ವಿಮಾನಕ್ಕೂ ಅದೇ ಆಗಿತ್ತು!"

ಆಗಿದ್ದು ನೆಲದ ಮೇಲೆ, ಪುಣ್ಯಕ್ಕೆ. ಸೆಖೆಯ ದಿನ ಎಲ್ಲೋ ಇಳಿದು ಪೆಟ್ರೋಲ್ ಹಾಕಿಸಿಕೊಂಡು, ಕಾಫಿ ಕುಡಿದು ಬಂದು ಸ್ಟಾರ್ಟ್ ಮಾಡಿದರೆ ಇಂಜಿನ್ ಹತ್ತುತ್ತಿತ್ತಂತೆ, ಪೆಟ್ರೋಲ್ ಒತ್ತಡದ ಮುಳ್ಳು ನಡುಗುತ್ತಿತ್ತಂತೆ, ಆರುತ್ತಿತ್ತಂತೆ. ಅವನೂ ಪ್ಲಗ್ ಬದಲಾಯಿಸಿದ. ಅವನೂ ಫಿಲ್ಟರ್ ತೊಳೆದ. ವಿಮಾನದ ಪೆಟ್ರೋಲನ್ನು ಕಾರಿನದರಷ್ಟು ಸುಲಭವಾಗಿ ಆವಿಯಾಗದ ಹಾಗೆ ಮಾಡಿರುತ್ತಾರೆ, ಆದ್ದರಿಂದ ಅದರ ಮೇಲೆ ಅವನಿಗೆ ಅನುಮಾನವೇ ಬಂದಿರಲಿಲ್ಲ. ಕೊನೆಗೆ ಪೆಟ್ರೋಲ್ ಪೈಪಿಗೆ ಶಾಖ ಅಳೆಯುವ ತಂತಿ ಕಟ್ಟಿ ನೋಡಿದ. ಇಂಜಿನ್ ಓಡುವಾಗ ಗಾಳಿ ಬೀಸುತ್ತಿರುತ್ತದೆ, ಪೈಪು ತಣ್ಣಗಿರುತ್ತದೆ. ಆಫ್ ಮಾಡಿದ ಮೇಲೆ ಗಾಳಿ ನಿಂತು, ಸಿಲಿಂಡರಿನ ಬಿಸಿಯೆಲ್ಲ ಮೇಲಿನ ಪೈಪುಗಳಿಗೆ ಏರಿ, ಒಳಗೆ ಪೆಟ್ರೋಲ್ ಕುದಿಯುತ್ತಿತ್ತು.

"ಇದಕ್ಕೆ ವೇಪರ್ ಲಾಕ್ ಅಂತಾರೆ ಮಾವ. ಏರ್ ಲಾಕ್ ಬೇರೆ. ಏರ್ ಲಾಕ್ ಅಂದ್ರೆ ಹೊರಗಿನ ಗಾಳಿ ಒಳಗೆ ಹೋಗೋದು. ಇಲ್ಲಿ ಪೆಟ್ರೋಲೇ ಆವಿ ಆಗುತ್ತೆ. ಪಂಪಿಗೆ ದ್ರವ ತಳ್ಳೋಕೆ ಬರುತ್ತೆ, ಗುಳ್ಳೆ ತಳ್ಳೋಕೆ ಬರಲ್ಲ."

ಪಕ್ಕದಲ್ಲಿದ್ದ ದೊಡ್ಡಪ್ಪ ಫೋನಿನೊಳಗೆ ಮುಖ ಹಾಕಿದರು. "ವೇಪರ್ರೋ ಏರೋ, ಲಾಕ್ ಆಗಿದ್ದು ನಿಜ ತಾನೇ?"

"ಹೌದು ತಾತ, ನೀವು ಹೇಳಿದ್ದು ಹತ್ತಿರ ಹತ್ತಿರ ಸರಿ."

ಆ "ಹತ್ತಿರ ಹತ್ತಿರ" ದೊಡ್ಡಪ್ಪನ ಕಿವಿಗೆ ಬೀಳಲೇ ಇಲ್ಲ.

ಹುಡುಗ ಚೆನ್ನಾಗಿ ವಿವರಿಸಿದ. ಎಳನೀರನ್ನು ಸ್ಟ್ರಾದಲ್ಲಿ ಹೀರುತ್ತೀವಲ್ಲ, ಹಳೇ ಕಾರಿನ ಪಂಪು ಹಾಗೆ ಹಿಂದಿನ ಟ್ಯಾಂಕಿನಿಂದ ಹೀರುತ್ತದಂತೆ. ಹೀರಿದಾಗ ಪೈಪಿನಲ್ಲಿ ಒತ್ತಡ ಕಡಿಮೆ. ಒತ್ತಡ ಕಡಿಮೆಯಾದರೆ ಬೇಗ ಕುದಿಯುತ್ತದೆ, ಬೆಟ್ಟದ ಮೇಲೆ ನೀರು 100 ಡಿಗ್ರಿಗೆ ಮುಂಚೆಯೇ ಕುದಿಯುವ ಹಾಗೆ. ಪೆಟ್ರೋಲಿನ ಹಗುರ ಭಾಗವಂತೂ 40 ಡಿಗ್ರಿ ಆಸುಪಾಸಿನಲ್ಲೇ ಏಳಲು ಶುರು. ಹೊಸ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಇದ್ದು ಹಿಂದಿನಿಂದ ಒತ್ತುವುದರಿಂದ ಈ ರಗಳೆ ಇಲ್ಲ. ಅವನೂ ರೆಕ್ಕೆಯ ಬುಡಕ್ಕೆ ಒಂದು ಎಲೆಕ್ಟ್ರಿಕ್ ಪಂಪು ಇಟ್ಟ, ಪೈಪಿಗೆ ಶಾಖ ತಡೆಯುವ ತೋಳು ಹಾಕಿದ, ಇಂಜಿನ್ ಪಂಪಿನ ಮೇಲೆ ತಣ್ಣನೆ ಗಾಳಿ ಬೀಳುವ ಹಾಗೆ ಒಂದು ಕೊಳವೆ ಬಿಟ್ಟ.

"ಎಳೆಯೋದಕ್ಕಿಂತ ಹಿಂದಿನಿಂದ ತಳ್ಳೋದು ಒಳ್ಳೇದು ಮಾವ."

"ತಳ್ಳಿದ್ವಲ್ಲಪ್ಪಾ ಮಧ್ಯಾಹ್ನ" ಎಂದಳು ನನ್ನ ಹೆಂಡತಿ ಅಡುಗೆಮನೆಯಿಂದ. ಸಂಜೆಯಿಂದ ಅವಳಾಡಿದ ಮೊದಲ ಮಾತು.

ದೊಡ್ಡಪ್ಪನಿಗೆ ವಿಮಾನದ ಬಗ್ಗೆಯೂ ಅಭಿಪ್ರಾಯವಿತ್ತು. ಯಾಕಿರಬಾರದು? ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ. ಅದು ಉದ್ಘಾಟನೆಯಾದದ್ದು 2023ರ ಫೆಬ್ರುವರಿ 6ರಂದು. ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ ಬೆಂಗಳೂರಿನಲ್ಲಿ ಚಾಲನೆ ಕೊಟ್ಟದ್ದೂ ಅದೇ ದಿನ. ಅವತ್ತಿನಿಂದ ನಮ್ಮ ಜಿಲ್ಲೆಯಲ್ಲಿ ಪೆಟ್ರೋಲ್ ಮತ್ತು ವಿಮಾನ ಎರಡರ ಬಗ್ಗೆಯೂ ಮಾತಾಡಲು ಯಾರಿಗೂ ಅಡ್ಡಿಯಿಲ್ಲ. "ಅಲ್ಲಪ್ಪಾ, ಮೇಲೆ ಹೋದಾಗ ಲಾಕ್ ಆದ್ರೆ ತಳ್ಳೋಕೆ ಯಾರಿರ್ತಾರೆ?" ಎಂದು ಕೇಳಿದರು. ಹುಡುಗ ಒಂದು ಕ್ಷಣ ಸುಮ್ಮನಾದ. "ಅದಕ್ಕೇ ತಾತ, ಮೂರು ತಿಂಗಳು ನೆಲದ ಮೇಲೇ ಪರೀಕ್ಷೆ ಮಾಡಿದೆ."

"ಈಗಲೂ ಇಳಿದ ಕೂಡಲೇ ಇಂಜಿನ್ ಮೇಲಿನ ಚಿಕ್ಕ ಬಾಗಿಲು ತೆಗೆದು ಬಿಸಿ ಹೊರಗೆ ಬಿಡ್ತೀನಿ. ಮೂತಿ ಗಾಳಿ ಕಡೆ ತಿರುಗಿಸಿ ನಿಲ್ಲಿಸ್ತೀನಿ. ಸುಮ್ನೆ ಕಾಯ್ತೀನಿ" ಎಂದೂ ಹೇಳಿದ.

ಆ ಮಾತು ನನ್ನನ್ನು ಎಲ್ಲಿಗೋ ಕರೆದುಕೊಂಡು ಹೋಯಿತು. ನಾವು ಚಿಕ್ಕವರಿದ್ದಾಗ ಅಪ್ಪ ಇದೇ ಕಾರಿನಲ್ಲಿ ದೇವರಾಯನದುರ್ಗಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಬೆಟ್ಟದ ಏರು ಶುರುವಾಗಿ ಎರಡು ತಿರುವು ಕಳೆದ ಮೇಲೆ ಗಾಡಿ ನಿಲ್ಲುತ್ತಿತ್ತು. ಪ್ರತಿ ಸಲವೂ. ಅಪ್ಪ ಬಾನೆಟ್ ಎತ್ತಿ, "ಸ್ವಲ್ಪ ಸುಧಾರಿಸಿಕೊಳ್ಳಲಿ" ಎನ್ನುತ್ತಿದ್ದರು. ಮರದ ನೆರಳಲ್ಲಿ ಜಮಖಾನ ಹಾಸಿ, ಅಮ್ಮ ಪುಳಿಯೋಗರೆ ಡಬ್ಬಿ ತೆಗೆಯುತ್ತಿದ್ದಳು. ನಾನೂ ಅಕ್ಕನೂ ಕಲ್ಲು ಹತ್ತಿ ಕೆಳಗಿನ ಊರು ನೋಡುತ್ತಿದ್ದೆವು. ಅಪ್ಪ ಗಡಿಯಾರ ನೋಡುತ್ತಿರಲಿಲ್ಲ. ಬೇರೆಯವರ ಕಾರುಗಳು ಬರ್ ಎಂದು ಮೇಲೆ ಹೋಗುತ್ತಿದ್ದವು, ಪಾಪ, ಅವರಿಗೆ ಊಟಕ್ಕೆ ನಿಲ್ಲಲು ಪುರುಸೊತ್ತಿಲ್ಲ ಎಂದು ನಾವು ಅಂದುಕೊಳ್ಳುತ್ತಿದ್ದೆವು. ಅದು ರಿಪೇರಿ ಎಂದು ನನಗೆ ಗೊತ್ತಾದದ್ದು ಈ ಭಾನುವಾರ ರಾತ್ರಿ, ಟೆಕ್ಸಸ್‌ನಿಂದ.

ಅಕ್ಕನ ಮಗನಿಗೆ ಹೇಳಿದೆ. "ನಿನ್ನಮ್ಮನೂ ಇದ್ದಳು, ಕೇಳು" ಎಂದೆ. "ಇಲ್ಲಿ ಮರ ಇಲ್ಲ ಮಾವ, ಬರೀ ರನ್‌ವೇ" ಎಂದ.

ನಿನ್ನೆ ಮೆಕ್ಯಾನಿಕ್ಕನ್ನು ಕೇಳಿದೆ. ಟ್ಯಾಂಕಿನ ಹತ್ತಿರ ಎಲೆಕ್ಟ್ರಿಕ್ ಪಂಪು ಕೂರಿಸಬಹುದಂತೆ. ಬಾನೆಟ್ ಎತ್ತಿದವರು ಮೂಗು ಅರಳಿಸಿ ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ. ದೊಡ್ಡಪ್ಪನಿಗೆ ಮಾತ್ರ ಈ ಪಂಪು ಒಪ್ಪಿಗೆಯಿಲ್ಲ. "ಕರೆಂಟ್ ಪಂಪಿಗೂ ಏರ್ ಲಾಕ್ ಆಗುತ್ತೆ. ಬೋರ್‌ವೆಲ್ ನೋಡಿಲ್ವಾ?" ಎಂದು ಫೋನಿನಲ್ಲಿ ಬೈದರು.

ಬರುವ ಭಾನುವಾರ ಗುಬ್ಬಿಯಲ್ಲಿ ಗೃಹಪ್ರವೇಶ. ದೊಡ್ಡಪ್ಪನ ಸಿದ್ಧತೆ ಮುಗಿದಿದೆ. ದೊಡ್ಡಮ್ಮನಿಗೆ ಎರಡು ಬಾಟಲಿ ಮಜ್ಜಿಗೆ ಹೇಳಿದ್ದಾರೆ. ಹಸಿರು ಮುಚ್ಚಳದ್ದು ನಮಗೆ, ಕೆಂಪು ಮುಚ್ಚಳದ್ದು ಗಾಡಿಗೆ.

"ಕೆಂಪು ಮುಚ್ಚಳದ್ದಕ್ಕೆ ಉಪ್ಪು ಹಾಕಬೇಡ ಅಂದಿದ್ದೀನಿ ಕಣೋ. ಪಂಪಿಗೆ ತುಕ್ಕು ಹಿಡಿಯುತ್ತೆ."